ನೂರು ಮೀಟರ್ ಸಿಮೆಂಟ್ ರಸ್ತೆ ಮತ್ತು ಅದರ ಕೆಳಗಿನ ಸಹಿಗಳು

ಜಗಳೂರು ಕಡೆಯ ಹಳ್ಳಿಯಿರಲಿ, ಚಳ್ಳಕೆರೆ ಕಡೆಯದಿರಲಿ, ಸಿಮೆಂಟ್ ಕಾಣದ ಓಣಿ ಈಗ ಅಪರೂಪ. ಎರಡೇ ಮಳೆಗಾಲಕ್ಕೆ ಜಲ್ಲಿ ಎದ್ದ ರಸ್ತೆಗಳಿಗೂ ಬರವಿಲ್ಲ. ಜಲ್ಲಿ ಎದ್ದಾಗ ಅರಳಿಕಟ್ಟೆಯ ಮೇಲೆ ಹುಟ್ಟುವ ಮಾತು ಒಂದೇ: ‘ಎಲ್ಲಾರೂ ಸೇರಿ ತಿಂದ್ರು ಬಿಡಪ್ಪ.’ ಈ ಮಾತಿನಿಂದ ಅನುಕೂಲವಾಗುವುದು ತಿಂದವರಿಗೇ. ಎಲ್ಲರೂ ತಿಂದಿದ್ದರೆ ಇಂಥವರೇ ಉತ್ತರ ಕೊಡಬೇಕು ಎಂದು ಹೇಳಲು ಬರುವುದಿಲ್ಲ. ಆದರೆ ಕಡತದಲ್ಲಿ ‘ಎಲ್ಲರೂ’ ಎಂಬ ಹೆಸರಿನವರು ಯಾರೂ ಇಲ್ಲ. ಅಲ್ಲಿ ಒಬ್ಬೊಬ್ಬರ ಸಹಿ ಇರುತ್ತದೆ, ಸಹಿಯ ಕೆಳಗೆ ಹುದ್ದೆ ಇರುತ್ತದೆ, ತಾರೀಖು ಇರುತ್ತದೆ. ರಸ್ತೆಯ ಮೇಲೆ ನಿಂತವರು ಆ ಸಹಿಯವರೆಗೆ ಹೋಗುವುದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಚರಂಡಿ, ಅಂಗನವಾಡಿ ಕಟ್ಟಡ, ಕೆರೆ ಹೂಳು ಯಾವುದಾದರೂ ದಾರಿ ಇದೇ. ರಸ್ತೆಯನ್ನು ಆರಿಸಿಕೊಂಡದ್ದು ಅದು ಎಲ್ಲರ ಮನೆ ಮುಂದೆ ಇರುವುದರಿಂದ.

ಗ್ರಾಮ ಪಂಚಾಯಿತಿಯ ಕಾಮಗಾರಿಯಾದರೆ ಕಾಗದಗಳು ಒಂದರ ಹಿಂದೆ ಒಂದು ಹುಟ್ಟಬೇಕು. ಮೊದಲು ಗ್ರಾಮಸಭೆಯ ನಡಾವಳಿ ಮತ್ತು ಕ್ರಿಯಾಯೋಜನೆ. ಆಮೇಲೆ ಕಿರಿಯ ಎಂಜಿನಿಯರ್ ಸ್ಥಳ ನೋಡಿ ಮಾಡುವ ಅಂದಾಜುಪಟ್ಟಿ. ಅದಕ್ಕೆ ಮೇಲಿನ ಎಂಜಿನಿಯರ್ ಕೊಡುವ ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಟೆಂಡರ್ ಅಥವಾ ಕೊಟೇಶನ್ ಕಡತ, ಗುತ್ತಿಗೆದಾರನಿಗೆ ಕಾರ್ಯಾದೇಶ. ಕೆಲಸ ನಡೆಯುವಾಗ ಅಳತೆ ಪುಸ್ತಕ, ಅಂದರೆ ಎಲ್ಲರೂ ‘ಎಂ.ಬಿ.’ ಎನ್ನುವುದು. ಕೊನೆಗೆ ಗುಣಮಟ್ಟದ ವರದಿ, ಬಿಲ್ಲು, ಪಾವತಿ ವೋಚರ್, ಪೂರ್ಣಗೊಂಡ ಪ್ರಮಾಣಪತ್ರ. ಈ ಸರಣಿಯಲ್ಲಿ ತಾರೀಖುಗಳು ಹಿಂದುಮುಂದಾದರೆ ಅಲ್ಲೊಂದು ವಿಷಯವಿದೆ ಎಂದು ಅರ್ಥ. ಕಾರ್ಯಾದೇಶ ಕೊಟ್ಟ ದಿನವೇ ಎಂ.ಬಿ.ಯಲ್ಲಿ ಕೊನೆಯ ಅಳತೆ ಬರೆದಿದ್ದರೆ, ಕೆಲಸ ಮೊದಲೇ ಆಗಿ ಕಾಗದ ಆಮೇಲೆ ಹುಟ್ಟಿದೆ. ಅಥವಾ ಕೆಲಸವೇ ಆಗಿಲ್ಲ.

ಇವುಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಕೇಳಿ ಎನ್ನುವುದು ಎಂ.ಬಿ.ಯನ್ನು. ಸರ್ಕಾರದ ದುಡ್ಡು ಬಿಲ್ಲಿನ ಮೇಲೆ ಹೋಗುತ್ತದೆ, ಬಿಲ್ಲು ನಿಂತಿರುವುದು ಎಂ.ಬಿ.ಯ ಮೇಲೆ. ಅದರ ಪುಟಗಳಿಗೆ ಅಚ್ಚಿನ ಸಂಖ್ಯೆ ಇರುತ್ತದೆ, ಪುಟ ಹರಿಯುವಂತಿಲ್ಲ, ಅಂಕಿ ಅಳಿಸಿ ಮೇಲೆ ಬರೆಯುವಂತಿಲ್ಲ. ತಪ್ಪಾದರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಹಾಕಬೇಕು. ಉದ್ದ, ಅಗಲ, ದಪ್ಪ ಮೂರೂ ಬೇರೆಬೇರೆ ಕಾಲಂನಲ್ಲಿರುತ್ತವೆ. ಅಳತೆ ತೆಗೆದವರ ಸಹಿ ಒಂದು, ಮರು ಅಳತೆ ಮಾಡಿ ತಾಳೆ ನೋಡಿದ ಮೇಲಧಿಕಾರಿಯ ಸಹಿ ಇನ್ನೊಂದು. ಈ ಎರಡನೆಯ ಸಹಿಯೇ ನಮ್ಮಲ್ಲಿ ಅತಿ ಅಗ್ಗವಾಗಿರುವುದು. ಸ್ಥಳಕ್ಕೆ ಬಾರದೆ, ಕಚೇರಿಯ ಮೇಜಿನ ಮೇಲೆ, ಒಂದೇ ಸಂಜೆ ಹತ್ತು ಕಾಮಗಾರಿಗೆ ಹಾಕಿದ ಸಹಿಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಬೇರೆಬೇರೆ ಊರಿನ ಎಂ.ಬಿ.ಗಳಲ್ಲಿ ಮರು ಅಳತೆಯ ತಾರೀಖು ಒಂದೇ ಇರುತ್ತದೆ. ಆ ದಿನದ ಪ್ರವಾಸ ದಿನಚರಿ ಮತ್ತು ವಾಹನದ ಲಾಗ್‌ಬುಕ್ ಕೇಳಿದರೆ ಅಧಿಕಾರಿ ಎಲ್ಲಿದ್ದರು ಎಂಬುದು ಹೊರಬರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕಾಂಕ್ರೀಟ್ 45 ಘನ ಮೀಟರ್ ಆಯಿತು. ಎಂ-20 ಎಂಬ ಕಾಂಕ್ರೀಟ್ ದರ್ಜೆಗೆ ಸಾಮಾನ್ಯವಾಗಿ ಹೇಳುವ 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ 8 ಚೀಲ ಸಿಮೆಂಟ್ ಬೇಕು. 45ಕ್ಕೆ 360 ಚೀಲ, ಅಂದರೆ 18 ಟನ್. ಈಗ ಮೋಸದ ಲೆಕ್ಕ ನೋಡಿ. ಸರಾಸರಿ ದಪ್ಪ 15ರ ಬದಲು 12 ಸೆಂಟಿಮೀಟರ್ ಬಿದ್ದರೆ ಕಾಂಕ್ರೀಟ್ 36 ಘನ ಮೀಟರಿಗೆ ಇಳಿಯಿತು. ಮಿಶ್ರಣವನ್ನು 1:2:4ಕ್ಕೆ ಇಳಿಸಿದರೆ ಘನ ಮೀಟರಿಗೆ ಸುಮಾರು ಆರೂವರೆ ಚೀಲದೊಳಗೆ ಮುಗಿಯುತ್ತದೆ. ಎರಡೂ ಸೇರಿದಾಗ 360 ಚೀಲದ ಜಾಗದಲ್ಲಿ 230 ಚೀಲ. 130 ಚೀಲದ ಹಣ ಎಲ್ಲಿಯೂ ಕಾಣದಂತೆ ಕರಗಿತು. ಮೇಲಿಂದ ನೋಡಿದರೆ ರಸ್ತೆ ಮಾತ್ರ 100 ಮೀಟರ್ ಉದ್ದವೂ ಇದೆ, 3 ಮೀಟರ್ ಅಗಲವೂ ಇದೆ.

ದಪ್ಪದ ಮೋಸ ಯಾಕೆ ಸಿಕ್ಕಿಬೀಳುವುದಿಲ್ಲ ಎಂದರೆ ಎಲ್ಲರೂ ಅಂಚಿನಲ್ಲಿ ಅಳೆಯುತ್ತಾರೆ. ಅಂಚಿಗೆ 15 ಸೆಂಟಿಮೀಟರ್ ಎತ್ತರದ ಹಲಗೆ ಅಥವಾ ಕಬ್ಬಿಣದ ಚಾನೆಲ್ ಇಟ್ಟಿರುತ್ತಾರೆ, ಆದ್ದರಿಂದ ಅಂಚು ಯಾವತ್ತೂ ಸರಿ. ಉಬ್ಬಿರುವುದು ನಡುವಿನ ತಳ. ಕಾಂಕ್ರೀಟ್ ಸುರಿಯುವ ಬೆಳಗ್ಗೆ ಎರಡೂ ಬದಿಯ ಹಲಗೆಗಳ ಮೇಲ್ತುದಿಗೆ ಅಡ್ಡಲಾಗಿ ದಾರ ಬಿಗಿದು, ನಡುವೆ ದಾರದಿಂದ ತಳದವರೆಗೆ ಟೇಪು ಇಳಿಬಿಡಿ. ಅಲ್ಲಿ 15 ಇರಲೇಬೇಕು. ಹತ್ತು ಮೀಟರಿಗೊಂದು ಕಡೆ ಹೀಗೆ ಅಳೆದು, ಟೇಪಿನ ಅಂಕಿ ಕಾಣುವಂತೆ ಫೋಟೊ ತೆಗೆದಿಟ್ಟರೆ ಆಮೇಲೆ ರಸ್ತೆ ಕೊರೆಯುವ ತಂಟೆಯೇ ಇಲ್ಲ. ಕೆಲಸ ಮುಗಿದುಹೋಗಿದ್ದರೆ ಇನ್ನೊಂದು ದಾರಿ ಇದೆ: ನಳದ ಪೈಪಿಗಾಗಿ ರಸ್ತೆಯನ್ನು ಅಡ್ಡ ಕತ್ತರಿಸಿದ ಜಾಗ. ಜಲಜೀವನ ಮಿಷನ್ ಪೈಪಿಗೆ ಅಗೆಯದ ಓಣಿ ಎಲ್ಲಿದೆ? ಕತ್ತರಿಸಿದ ಬಾಯಲ್ಲಿ ನಡುವಿನ ದಪ್ಪ ಕಣ್ಣಿಗೇ ಕಾಣುತ್ತದೆ. (ಆ ಅಗೆತವನ್ನು ಮತ್ತೆ ಮುಚ್ಚುವ ಖರ್ಚು ಪೈಪ್ ಕಾಮಗಾರಿಯ ಅಂದಾಜಿನಲ್ಲೇ ಇದೆಯೇ ಎಂದೂ ನೋಡಿ. ಇದ್ದರೆ, ಪಂಚಾಯಿತಿಯಿಂದ ಅದಕ್ಕೆ ಮತ್ತೊಂದು ಬಿಲ್ಲು ಆಗಕೂಡದು.)

ಮಿಶ್ರಣದ ಮೋಸ ಕಣ್ಣಿಗೆ ಕಾಣದು, ಅದಕ್ಕೆ ಕ್ಯೂಬ್ ಪರೀಕ್ಷೆ. 15 ಸೆಂಟಿಮೀಟರ್ ಘನದ ಅಚ್ಚಿನಲ್ಲಿ ಅದೇ ದಿನದ ಕಾಂಕ್ರೀಟ್ ತುಂಬಿ, ನೀರಿನಲ್ಲಿಟ್ಟು, 28ನೆಯ ದಿನ ಒಡೆದು ಬಲ ನೋಡುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ 31ರಿಂದ 50 ಘನ ಮೀಟರ್ ಕಾಂಕ್ರೀಟಿಗೆ ಕನಿಷ್ಠ 4 ಮಾದರಿ, ಒಂದೊಂದು ಮಾದರಿಗೆ 3 ಕ್ಯೂಬ್. ನಮ್ಮ 45 ಘನ ಮೀಟರಿಗೆ 12 ಕ್ಯೂಬ್ ಆಗಬೇಕು. ಕಡತದಲ್ಲಿ 3 ಕ್ಯೂಬಿನ ವರದಿ ಇದ್ದರೆ ಉಳಿದ 9 ಎಲ್ಲಿ ಎಂದು ಕೇಳಿ. ವರದಿಯಲ್ಲಿರುವ ಎರಕದ ತಾರೀಖು ಕಾಂಕ್ರೀಟ್ ಹಾಕಿದ ದಿನಕ್ಕೆ ಹೊಂದದಿದ್ದರೆ ಆ ಕ್ಯೂಬು ಈ ರಸ್ತೆಯದಲ್ಲ. ಪರೀಕ್ಷೆಯ 28 ದಿನ ತುಂಬುವ ಮೊದಲೇ ಕೊನೆಯ ಬಿಲ್ಲು ಪಾವತಿಯಾಗಿದ್ದರೆ, ವರದಿ ನೋಡದೆ ದುಡ್ಡು ಕೊಟ್ಟವರು ಯಾರು ಎಂಬುದು ವೋಚರಿನ ಸಹಿಯಲ್ಲಿದೆ. ಅನುಮಾನ ಗಟ್ಟಿಯಾಗಿದ್ದರೆ ಕೋರ್, ಅಂದರೆ ರಸ್ತೆಯನ್ನು ಕೊರೆದು ತೆಗೆಯುವ ಉರುಳೆಯಾಕಾರದ ತುಂಡು, ತೆಗೆಸಲು ಒತ್ತಾಯಿಸಬಹುದು. ಕನಿಷ್ಠ ಮೂರು ಕೋರ್‌ಗಳ ಸರಾಸರಿ ಬಲ ಆ ದರ್ಜೆಯ ಬಲದ 85 ಶೇಕಡಾ ಮುಟ್ಟಬೇಕು, ಯಾವೊಂದು ಕೋರ್ ಕೂಡ 75 ಶೇಕಡಾಕ್ಕಿಂತ ಕೆಳಗೆ ಬೀಳಬಾರದು. ಕೋರ್ ತೆಗೆಯುವ ಜಾಗವನ್ನು ಗುತ್ತಿಗೆದಾರ ತೋರಿಸಕೂಡದು. ನೆರೆದ ಜನರ ಎದುರು ಆರಿಸಬೇಕು, ಅದೂ ನಡುವಿನಲ್ಲಿ.

ಎಲ್ಲ ಬಿರುಕೂ ಕಳ್ಳತನದ ಬಿರುಕಲ್ಲ, ಇದನ್ನೂ ಹೇಳಬೇಕು. ಭದ್ರಾ ನಾಲೆಯ ಬಯಲಿನ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಸೀಳುತ್ತದೆ. ಅದರ ಮೇಲೆ ಗರಸು ಹಾಸಿ ರೋಲರ್ ಹೊಡೆಸದೆ ಕಾಂಕ್ರೀಟ್ ಸುರಿದರೆ ಸಿಮೆಂಟ್ ಎಷ್ಟೇ ಇರಲಿ ರಸ್ತೆ ಉದ್ದಕ್ಕೂ ಸೀಳುತ್ತದೆ. ನಾಲ್ಕು, ನಾಲ್ಕೂವರೆ ಮೀಟರಿಗೊಂದು ಅಡ್ಡ ಜಾಯಿಂಟನ್ನು ಒಂದು ದಿನದೊಳಗೆ, ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕತ್ತರಿಸದಿದ್ದರೂ ಅಡ್ಡಬಿರುಕು ಬರುತ್ತದೆ. ಇನ್ನು ಕ್ಯೂರಿಂಗ್. ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಿಯೋ ಒದ್ದೆ ಗೋಣಿಚೀಲ ಹೊದಿಸಿಯೋ 14 ದಿನ ತೇವ ಕಾಯಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ರಸ್ತೆ ಕೆಲಸ ಮುಗಿಬಿದ್ದು ನಡೆಯುವುದು ಯಾವಾಗ? ಮಾರ್ಚ್ ತಿಂಗಳಲ್ಲಿ, ಆರ್ಥಿಕ ವರ್ಷ ಮುಗಿದು ಅನುದಾನ ವಾಪಸ್ ಹೋಗುತ್ತದೆ ಎಂಬ ಅವಸರದಲ್ಲಿ. ಬಿಸಿಲು ಉರಿಯುವ, ಮೊಳಕಾಲ್ಮುರು ಕಡೆ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಕಾಲ ಅದು. ಆ ರಸ್ತೆಗೆ ನೀರು ಯಾರು ಉಣಿಸುತ್ತಾರೆ? ಕ್ರಿಯಾಯೋಜನೆ ತಡವಾಗಿ ಮಂಜೂರಾದದ್ದಕ್ಕೂ ರಸ್ತೆ ಪುಡಿಯಾಗುವುದಕ್ಕೂ ನೇರ ಸಂಬಂಧವಿದೆ. ಆದ್ದರಿಂದ ಕೆಳಗಿನ ಎಂಜಿನಿಯರನ್ನು ಮಾತ್ರ ಹಿಡಿದು ಜಾಡಿಸುವ ಮೊದಲು ಮಂಜೂರಾತಿ ಯಾವ ಮೇಜಿನ ಮೇಲೆ ಎಷ್ಟು ತಿಂಗಳು ಕೂತಿತ್ತು ಎಂಬುದನ್ನೂ ತೆಗೆಸಿ.

ಹೆಸರಿನ ಆಟ

ಒಂದೇ ರಸ್ತೆಗೆ ಎರಡು ಬಿಲ್ಲು ಆಗುವುದು ಹೆಸರಿನ ಆಟದಿಂದ. ‘ಮಾರಮ್ಮನ ಗುಡಿಯಿಂದ ಶಾಲೆಯವರೆಗೆ’ ಎಂದು ಒಂದು ವರ್ಷ, ‘ಶಾಲೆಯಿಂದ ಮಾರಮ್ಮನ ಗುಡಿಯವರೆಗೆ’ ಎಂದು ಇನ್ನೊಂದು ವರ್ಷ. ಅನುದಾನದ ಲೆಕ್ಕಶೀರ್ಷಿಕೆ ಬೇರೆ, ಒಮ್ಮೆ ಹಣಕಾಸು ಆಯೋಗದ್ದು, ಇನ್ನೊಮ್ಮೆ ಶಾಸಕರ ನಿಧಿಯದು. ಎರಡೂ ಕಡತಗಳು ಬೇರೆಬೇರೆ ಕಚೇರಿಯಲ್ಲಿರುವುದರಿಂದ ಯಾರೂ ಪಕ್ಕಪಕ್ಕ ಇಟ್ಟು ನೋಡುವುದಿಲ್ಲ. ಹಾಗಾಗಿ ಒಂದು ರಸ್ತೆಯ ಮಾಹಿತಿ ಕೇಳುವ ಬದಲು ಐದು ವರ್ಷಗಳಲ್ಲಿ ನಿಮ್ಮ ಊರಿನ ಗಡಿಯೊಳಗೆ ನಡೆದ ಎಲ್ಲ ಕಾಮಗಾರಿಗಳ ಪಟ್ಟಿ ಕೇಳಿ. ಪಂಚಾಯಿತಿ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ಲೋಕೋಪಯೋಗಿ ಇಲಾಖೆ, ಕೆಆರ್‌ಐಡಿಎಲ್ (ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮ), ಈ ನಾಲ್ಕು ಕಡೆಯೂ ಕೇಳಬೇಕು. ಬಂದ ಪಟ್ಟಿಯನ್ನು ಊರಿನ ನಕ್ಷೆಯ ಮೇಲೆ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ. ಒಂದೇ ಓಣಿಯ ಮೇಲೆ ಎರಡು ಬಣ್ಣ ಬಿದ್ದ ಜಾಗವೇ ನಿಮ್ಮ ಮೊದಲ ಪ್ರಶ್ನೆ.

ಇನ್ನೊಂದು, ತುಂಡು ಮಾಡುವುದು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದಲ್ಲಿ 5 ಲಕ್ಷ ರೂಪಾಯಿ ಮೀರದ ನಿರ್ಮಾಣ ಕಾಮಗಾರಿಗೆ ವಿನಾಯಿತಿ ಇದೆ. ಸಣ್ಣ ಕೆಲಸಕ್ಕೆ ದೊಡ್ಡ ಟೆಂಡರಿನ ಭಾರ ಬೇಡ ಎಂಬುದು ಆ ವಿನಾಯಿತಿಯ ಉದ್ದೇಶ. ಆದರೆ 300 ಮೀಟರ್ ರಸ್ತೆಯನ್ನು ಇವರ ಮನೆಯಿಂದ ಅವರ ಮನೆಯವರೆಗೆ, ಅವರ ಮನೆಯಿಂದ ಬಾವಿಯವರೆಗೆ, ಬಾವಿಯಿಂದ ಗುಡಿಯವರೆಗೆ ಎಂದು ಮೂರು ಕಾಮಗಾರಿ ಮಾಡಿ ಮೂರಕ್ಕೂ 4 ಲಕ್ಷದ 90 ಸಾವಿರದ ಆಸುಪಾಸಿನ ಅಂದಾಜು ಬರೆದರೆ, ಅದು ಟೆಂಡರ್ ತಪ್ಪಿಸುವ ತುಂಡು. ಮೂರೂ ಅಂದಾಜುಪಟ್ಟಿ ಒಂದೇ ದಿನ ತಯಾರಾಗಿ, ಮೂರಕ್ಕೂ ಒಬ್ಬನೇ ಗುತ್ತಿಗೆದಾರನಾಗಿ, ಸೋತ ಕೊಟೇಶನ್‌ಗಳೂ ಪ್ರತಿಸಲ ಅವೇ ಎರಡು ಅಂಗಡಿಯವಾಗಿದ್ದರೆ ಮತ್ತೆ ಸಾಕ್ಷಿ ಬೇಕಿಲ್ಲ. ಗೆದ್ದವನು ಪಂಚಾಯಿತಿ ಸದಸ್ಯರ ಮನೆಯವನೇ ಎಂಬುದನ್ನೂ ನೋಡಿ. ಪಂಚಾಯಿತಿಯ ಗುತ್ತಿಗೆಯಲ್ಲಿ ನೇರವಾಗಿಯೋ ಬೇರೆಯವರ ಹೆಸರಿನಲ್ಲೋ ಪಾಲು ಇಟ್ಟುಕೊಂಡ ಸದಸ್ಯ ಅನರ್ಹನಾಗುತ್ತಾನೆ ಎಂದು ಪಂಚಾಯತ್ ರಾಜ್ ಅಧಿನಿಯಮವೇ ಹೇಳುತ್ತದೆ. ಈ ಕಲಮನ್ನು ಓದಿದ ಸದಸ್ಯರು ಎಷ್ಟು ಮಂದಿಯೋ. ಆದರೆ ಮತ ಹಾಕುವವರಾದರೂ ಓದಿಕೊಂಡಿರಬೇಕು.

ಸಿಮೆಂಟ್ ಬಿಲ್ಲಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು. ಅಂಗಡಿ ಇದೆಯೇ, ನೋಂದಣಿ ರದ್ದಾಗಿದೆಯೇ ಗೊತ್ತಾಗುತ್ತದೆ. ಸರಕು ತಂದ ವಾಹನದ ಸಂಖ್ಯೆಯನ್ನೂ ನೋಡಿ. ಲಾರಿ ಎಂದು ಬರೆದದ್ದು ಬೈಕಿನ ಸಂಖ್ಯೆಯಾಗಿರುವುದನ್ನು ಲೆಕ್ಕಪರಿಶೋಧಕರು ಹಲವು ಕಡೆ ಹಿಡಿದಿದ್ದಾರೆ.

ಅರ್ಜಿ ಬರೆಯುವಾಗ

ಮಾಹಿತಿ ಹಕ್ಕು ಅರ್ಜಿಗಳು ಬಿದ್ದುಹೋಗುವುದು ಬಹುಪಾಲು ಬರವಣಿಗೆಯಲ್ಲೇ. ‘ರಸ್ತೆ ಯಾಕೆ ಕಳಪೆಯಾಗಿದೆ, ಇದಕ್ಕೆ ಯಾರು ಹೊಣೆ’ ಎಂದು ಕೇಳಿದರೆ ಮಾಹಿತಿ ಅಧಿಕಾರಿ ಉತ್ತರಿಸಬೇಕಾಗಿಲ್ಲ, ಏಕೆಂದರೆ ಅದು ದಾಖಲೆಯಲ್ಲ, ಅಭಿಪ್ರಾಯ. ದಾಖಲೆಯನ್ನು ಹೆಸರು ಹಿಡಿದು ಕೇಳಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ನಮೂನೆ-ಎ ಭರ್ತಿ ಮಾಡಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಹೀಗೆ ಬರೆದರೆ ಸಾಕು: ‘ತಮ್ಮ ಪಂಚಾಯಿತಿ ವ್ಯಾಪ್ತಿಯ ಇಂಥ ಗ್ರಾಮದಲ್ಲಿ ಇಂಥ ಸಾಲಿನಲ್ಲಿ ಕೈಗೊಂಡ, ಇಲ್ಲಿಂದ ಇಲ್ಲಿಯವರೆಗಿನ ಸಿ.ಸಿ. ರಸ್ತೆ ಕಾಮಗಾರಿಯ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಕ್ಯೂಬ್ ಪರೀಕ್ಷಾ ವರದಿ, ಬಿಲ್ಲು ಮತ್ತು ಪಾವತಿ ವೋಚರ್‌ಗಳ ದೃಢೀಕೃತ ನಕಲು ಕೊಡಿ. ಸದರಿ ಕಡತ ಮತ್ತು ಟಿಪ್ಪಣಿ ಹಾಳೆಗಳನ್ನು ಖುದ್ದು ಪರಿಶೀಲಿಸಲು ದಿನಾಂಕ ತಿಳಿಸಿ.’

ಕೊನೆಯ ವಾಕ್ಯ ಬಿಡಬೇಡಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಕಡತ ತೋರಿಸುವುದಕ್ಕೆ ಮೊದಲ ಒಂದು ಗಂಟೆ ಶುಲ್ಕವಿಲ್ಲ. ಮೊದಲು ಕೂತು ನೋಡಿ, ಬೇಕಾದ ಪುಟದ ಸಂಖ್ಯೆ ಬರೆದುಕೊಂಡು, ಅಷ್ಟಕ್ಕೇ ದುಡ್ಡು ಕಟ್ಟುವುದು ಜಾಣತನ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಇದನ್ನು ಬಳಸುವವರು ತೀರಾ ಕಡಿಮೆ.

ಉತ್ತರಕ್ಕೆ 30 ದಿನ. ಅರ್ಜಿ ತಪ್ಪು ಕಚೇರಿಗೆ ಹೋಗಿದ್ದರೆ 5 ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸುವುದು ಅವರದೇ ಕೆಲಸ, ‘ನಮ್ಮದಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ಅವಧಿ ಮೀರಿದರೆ ನಕಲು ಪುಕ್ಕಟೆ ಕೊಡಬೇಕು. ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಗ್ರಾಮ ಪಂಚಾಯಿತಿಯಲ್ಲಿ ಸಾಮಾನ್ಯವಾಗಿ ಮಾಹಿತಿ ಅಧಿಕಾರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಮೇಲ್ಮನವಿ ಕೇಳುವವರು ತಾಲ್ಲೂಕು ಪಂಚಾಯಿತಿಯ ಇಒ (ಕಾರ್ಯನಿರ್ವಾಹಕ ಅಧಿಕಾರಿ). ಅಲ್ಲಿ 30 ದಿನ, ಹೆಚ್ಚೆಂದರೆ 45. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗ ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆ ದಂಡವನ್ನು ಅಧಿಕಾರಿಯೇ ತೆರಬೇಕು, ಕಚೇರಿಯ ಖರ್ಚಿಗೆ ಹಾಕುವಂತಿಲ್ಲ. ಈ ತಾರೀಖುಗಳನ್ನು ಕ್ಯಾಲೆಂಡರಿನ ಮೇಲೆ ಅರ್ಜಿ ಹಾಕಿದ ದಿನವೇ ಗುರುತು ಮಾಡಿಕೊಳ್ಳಿ. ಗಟ್ಟಿ ಪ್ರಕರಣಗಳು ಕೂಡ ಮೇಲ್ಮನವಿ ಹತ್ತು ದಿನ ತಡವಾಗಿ ಸೋತುಹೋಗುತ್ತವೆ.

ಎರಡು ನೆಪಗಳು ಬಂದೇ ಬರುತ್ತವೆ. ಒಂದು, ‘ಕಡತ ಲಭ್ಯವಿಲ್ಲ.’ ಮಾಹಿತಿ ಕೊಡದಿರಲು 8ನೇ ಕಲಂ ಕೊಡುವ ವಿನಾಯಿತಿಗಳಲ್ಲಿ ಕಡತ ಕಳೆದಿದೆ ಎಂಬುದು ಎಲ್ಲಿಯೂ ಇಲ್ಲ. ಕಡತದ ವಹಿಯಲ್ಲಿ ಕೊನೆಗೆ ಅದನ್ನು ಪಡೆದವರ ಸಹಿಯ ನಕಲು, ಹುದ್ದೆ ಬಿಟ್ಟುಹೋದವರು ಕೊಟ್ಟ ಪ್ರಭಾರ ಪಟ್ಟಿ, ಕಳೆದದ್ದಕ್ಕೆ ಪೊಲೀಸರಿಗೆ ಕೊಟ್ಟ ದೂರಿನ ನಕಲು, ಈ ಮೂರನ್ನು ಕೇಳಿ ಇನ್ನೊಂದು ಅರ್ಜಿ ಹಾಕಿ. ಕಳೆದುಹೋದ ಎಷ್ಟೋ ಕಡತಗಳು ಈ ಹಂತದಲ್ಲಿ ಬೀರುವಿನಿಂದ ಎದ್ದುಬರುತ್ತವೆ. ಎರಡನೆಯದು, ‘ವೈಯಕ್ತಿಕ ಮಾಹಿತಿ.’ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯ ಬಗ್ಗೆ ಇರುವ 8(1)(ಜೆ) ಕಲಮನ್ನು ಬದಲಿಸಿದ ಮೇಲೆ ಈ ನೆಪಕ್ಕೆ ಬಲ ಬಂದಿದೆ. ಅದು ಒಳ್ಳೆಯದಾಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೂ 8(2) ಕಲಂ ಹಾಗೇ ಇದೆ, ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದು. ಕೊಡಬಾರದ ಭಾಗ ಬಿಟ್ಟು ಉಳಿದದ್ದನ್ನು ಕೊಡಿ ಎನ್ನುವ 10ನೇ ಕಲಂ ಕೂಡ ಇದೆ. ಗುತ್ತಿಗೆದಾರನ ಬ್ಯಾಂಕ್ ಖಾತೆ, ಪ್ಯಾನ್ ಸಂಖ್ಯೆಗೆ ಮಸಿ ಬಳಿದು ಉಳಿದದ್ದನ್ನು ಕೊಡಿ ಎಂದು ನೀವೇ ಅರ್ಜಿಯಲ್ಲಿ ಬರೆದುಬಿಡಿ. ರಸ್ತೆಯ ಅಳತೆಯಲ್ಲಿ ಯಾರ ವೈಯಕ್ತಿಕವೂ ಇಲ್ಲ.

ಇನ್ನೊಂದು ದಾಖಲೆಯನ್ನು ಮರೆಯಬಾರದು, ಲೆಕ್ಕಪರಿಶೋಧನಾ ವರದಿ. ಪಂಚಾಯಿತಿಯ ಲೆಕ್ಕವನ್ನು ರಾಜ್ಯದ ಲೆಕ್ಕಪರಿಶೋಧಕರು ನೋಡಿ, ಕಂಡಿಕೆಗಳಾಗಿ (ಪ್ಯಾರಾಗಳಾಗಿ) ಬರೆದು, ‘ಆಕ್ಷೇಪಣೆಗಿಟ್ಟ ಮೊತ್ತ’, ‘ವಸೂಲಾತಿಗೆ ಸೂಚಿಸಿದ ಮೊತ್ತ’ ಎಂದು ಬೇರೆಬೇರೆಯಾಗಿ ಹಾಕುತ್ತಾರೆ. ಅಂದರೆ ನೀವು ಹುಡುಕುತ್ತಿರುವ ತಪ್ಪನ್ನು ಸರ್ಕಾರದವರೇ ಹುಡುಕಿ ಬರೆದಿಟ್ಟಿರುವ ಸಂಭವ ಇದೆ. ಅದಕ್ಕೆ ಪಂಚಾಯಿತಿ ತಾನು ಏನು ಕ್ರಮ ಕೈಗೊಂಡೆ ಎಂಬ ಅನುಪಾಲನಾ ವರದಿ ಕೊಡಬೇಕು. ಕಂಡಿಕೆ ವರ್ಷಗಟ್ಟಲೆ ಬಾಕಿ ಉಳಿಯುವುದು, ಅಷ್ಟರಲ್ಲಿ ಸಂಬಂಧಪಟ್ಟವರು ವರ್ಗವಾಗುವುದು, ನಿವೃತ್ತರಾಗುವುದು, ವಸೂಲಿ ನಿಂತುಹೋಗುವುದು, ಹಣ ಸೋರುವುದು ಈ ಕಿಂಡಿಯಲ್ಲೇ. ‘ಕಳೆದ ಐದು ವರ್ಷದ ವರದಿಗಳ ಬಾಕಿ ಕಂಡಿಕೆ ಮತ್ತು ಅನುಪಾಲನಾ ವರದಿ’ ಎಂಬ ಒಂದು ಸಾಲಿನ ಅರ್ಜಿ ಹತ್ತು ಭಾಷಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಸಹಿ ಹಾಕುವವರಿಗೆ

ಇದನ್ನು ಓದುವವರಲ್ಲಿ ಕಿರಿಯ ಎಂಜಿನಿಯರುಗಳು, ಕಾರ್ಯದರ್ಶಿಗಳು, ಪಿಡಿಒಗಳೂ ಇರುತ್ತೀರಿ. ‘ಸಾಹೇಬ್ರು ಫೋನ್ ಮಾಡಿದ್ರು, ಬಿಲ್ ಬರೀರಿ’ ಎಂಬ ಬಾಯಿಮಾತಿನ ಆದೇಶದಿಂದ ಸಿಕ್ಕಿಹಾಕಿಕೊಳ್ಳುವವರು ನೀವೇ, ಫೋನ್ ಮಾಡಿದವರಲ್ಲ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ನಡೆಯಕೂಡದು, ಬಂದ ಸೂಚನೆಯನ್ನು ಬರಹಕ್ಕಿಳಿಸಬೇಕು. ಜಗಳವಾಡದೆ ಇದನ್ನು ಮಾಡುವ ದಾರಿ ಟಿಪ್ಪಣಿ ಹಾಳೆ. ‘ಇಂಥ ದಿನಾಂಕ, ಇಂಥ ವೇಳೆಗೆ ದೂರವಾಣಿಯಲ್ಲಿ ಮೇಲಧಿಕಾರಿಗಳು ಬಿಲ್ ಪಾವತಿಗೆ ಸೂಚಿಸಿರುತ್ತಾರೆ. ಕ್ಯೂಬ್ ವರದಿ ಬಂದಿರುವುದಿಲ್ಲ. ಲಿಖಿತ ಆದೇಶಕ್ಕಾಗಿ ಕಡತ ಮಂಡಿಸಿದೆ.’ ಮೂರೇ ವಾಕ್ಯ. ಇದನ್ನು ಬರೆದು ಮೇಲೆ ಕಳಿಸಿದ ಕಡತ ಎಷ್ಟೋ ಸಲ ವಾಪಸ್ಸೇ ಬರುವುದಿಲ್ಲ, ಒತ್ತಡವೂ ಅಲ್ಲಿಗೇ ನಿಲ್ಲುತ್ತದೆ. ವರ್ಗಾವಣೆಯ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಮಾತಾಡುವ ಹಕ್ಕು ಹೊರಗಿನವರಿಗಿಲ್ಲ. ಆದರೆ ವರ್ಗಾವಣೆ ಒಂದು ಊರಿನಿಂದ ಇನ್ನೊಂದಕ್ಕೆ. ಸುಳ್ಳು ಎಂ.ಬಿ. ಮಾತ್ರ ನಿವೃತ್ತಿಯಾದ ಮೇಲೂ ಪಿಂಚಣಿಯ ಬೆನ್ನು ಹತ್ತುತ್ತದೆ.

ಊರಿನವರ ಕಡೆಯಿಂದಲೂ ಒಂದು ಋಣವಿದೆ. ಬಿಲ್ಲು ತಡೆದ ಎಂಜಿನಿಯರನ್ನು ಎತ್ತಂಗಡಿ ಮಾಡಿಸಿದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಆ ಟಿಪ್ಪಣಿಯನ್ನು ಓದಿ ಹೇಳುವವರು ಇರಬೇಕು. ಮಾಹಿತಿ ಪಡೆದು ಗುತ್ತಿಗೆದಾರನ ಹತ್ತಿರ ‘ಸೆಟ್ಲ್’ ಮಾಡಿಕೊಂಡು ಅರ್ಜಿ ಬಿಟ್ಟುಬಿಡುವವರು ರಸ್ತೆ ತಿಂದವರಿಗಿಂತ ಒಂದು ಕೂದಲೂ ಮೇಲಲ್ಲ. ಅವರಿಂದಾಗಿಯೇ ನಿಜವಾದ ಅರ್ಜಿದಾರನನ್ನು ಕಚೇರಿಯವರು ವಸೂಲಿಗೆ ಬಂದವನಂತೆ ನೋಡುತ್ತಾರೆ.

ಸೇವೆಗಳ ವಿಷಯದಲ್ಲಿ ಚಿತ್ರದುರ್ಗಕ್ಕೆ ಒಂದು ಹೆಚ್ಚಿನ ಹೊಣೆ ಇದೆ ಎಂದೇ ನನ್ನ ಭಾವನೆ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಿಸುವ ಸಕಾಲ ಯೋಜನೆ 2012ರ ಏಪ್ರಿಲ್ 2ರಂದು ರಾಜ್ಯಕ್ಕೆಲ್ಲ ಬರುವ ಮೊದಲು ಮಾರ್ಚ್ 1ರಿಂದ ಪ್ರಾಯೋಗಿಕವಾಗಿ ನಡೆದ ನಾಲ್ಕು ತಾಲ್ಲೂಕುಗಳಲ್ಲಿ ಚಿತ್ರದುರ್ಗವೂ ಒಂದು, ಉಳಿದವು ಔರಾದ್, ಧಾರವಾಡ, ಪುತ್ತೂರು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ತಡಮಾಡಿದ ಸಿಬ್ಬಂದಿಯ ಸಂಬಳದಿಂದ. ಮೊತ್ತ ಸಣ್ಣದು, ಆದರೆ ಕಡತ ತಡೆದವರ ಹೆಸರು ದಾಖಲೆಯಲ್ಲಿ ಬೀಳುತ್ತದೆ. ಇದನ್ನು ಸೋಲಿಸುವ ಎರಡು ಉಪಾಯಗಳು ಚಾಲ್ತಿಯಲ್ಲಿವೆ. ಅರ್ಜಿ ತೆಗೆದುಕೊಂಡು 15 ಅಂಕಿಯ ಸಕಾಲ ಸಂಖ್ಯೆ ಕೊಡದೆ ‘ಕೆಲಸ ರೆಡಿಯಾದ ಮೇಲೆ ಎಂಟ್ರಿ ಮಾಡ್ತೀವಿ’ ಎನ್ನುವುದು ಒಂದು. ಗಡುವಿನ ಕೊನೆಯ ದಿನ ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸುವುದು ಇನ್ನೊಂದು. ತಿರಸ್ಕಾರವೂ ಅಂಕಿಅಂಶದಲ್ಲಿ ಸಕಾಲಕ್ಕೆ ವಿಲೇವಾರಿಯಾದ ಅರ್ಜಿಯೇ. ಸಂಖ್ಯೆ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ತಿರಸ್ಕರಿಸಿದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ.

ಲಂಚವನ್ನೇ ಬಾಯಿಬಿಟ್ಟು ಕೇಳಿದರೆ ದಾರಿ ಬೇರೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು. ಕೊಡುವ ಮೊದಲೇ ತಿಳಿಸಿ, ಅವರಿಗೆ ನೆರವಾಗಲೆಂದು ಕೊಟ್ಟರೆ ರಕ್ಷಣೆ ಇದೆ. ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರದು, ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕಚೇರಿ ಇದೆ. ಟ್ರ್ಯಾಪ್‌ನಲ್ಲಿ, ಅಂದರೆ ಲಂಚ ಪಡೆಯುವಾಗಲೇ ಹಿಡಿಯಲು ಬಲೆ ಬೀಸುವಾಗ, ನೋಟುಗಳ ಸಂಖ್ಯೆ ಬರೆದು, ಫಿನಾಫ್ತಲೀನ್ ಪುಡಿ ಸವರಿ, ಸಾಕ್ಷಿಗಳೆದುರು ಪಂಚನಾಮೆ ಮಾಡಿ ಕಳಿಸುತ್ತಾರೆ. ನೋಟು ಮುಟ್ಟಿದ ಕೈ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಗುಲಾಬಿಯಾಗುತ್ತದೆ. ಆದರೆ ಬಣ್ಣವೊಂದರಿಂದ ಶಿಕ್ಷೆಯಾಗದು. ಕೇಳಿದ್ದೂ ಪಡೆದದ್ದೂ ಎರಡೂ ರುಜುವಾತಾಗಬೇಕು ಎಂದು 2022ರ ಡಿಸೆಂಬರ್‌ನಲ್ಲಿ ನೀರಜ್ ದತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ದೂರುದಾರ ತೀರಿಕೊಂಡರೂ ಉಲ್ಟಾ ಹೊಡೆದರೂ ಬೇರೆ ಸಾಕ್ಷ್ಯದಿಂದ ರುಜುವಾತು ಮಾಡಬಹುದು ಎಂದೂ ಹೇಳಿದೆ. ಪ್ರಕರಣ ಕೆಡುವುದು ಅವಸರದಿಂದ. ‘ತಗೊಳ್ಳಿ ಸಾರ್, ನೀವು ಹೇಳಿದ್ದು ತಂದಿದ್ದೀನಿ’ ಎಂದು ದೂರುದಾರನೇ ಮಾತು ಮುಗಿಸಿಬಿಟ್ಟರೆ ಧ್ವನಿಮುದ್ರಣದಲ್ಲಿ ಬೇಡಿಕೆಯೇ ಇರುವುದಿಲ್ಲ. ಸುಮ್ಮನೆ ‘ನನ್ನ ಕೆಲಸ ಏನಾಯ್ತು ಸಾರ್’ ಎಂದು ಕೇಳಿ, ಅವರೇ ಬಾಯಿಬಿಡುವವರೆಗೆ ಕಾಯಬೇಕು. ಮೊದಲು ಮಾತು ಮುದ್ರಿಸಿಕೊಂಡ ಫೋನನ್ನು ಮಾರಬೇಡಿ, ಧ್ವನಿಮುದ್ರಣವನ್ನು ಕತ್ತರಿಸಬೇಡಿ.

ಲಂಚದ ಸಾಕ್ಷ್ಯವಿಲ್ಲ, ಸುಳ್ಳು ಅಳತೆಯ ದಾಖಲೆ ಇದೆ ಎಂದಾದರೆ 1984ರ ಕರ್ನಾಟಕ ಲೋಕಾಯುಕ್ತ ಅಧಿನಿಯಮದಡಿ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಕುಂದುಕೊರತೆಗೆ ವಿಷಯ ತಿಳಿದ 6 ತಿಂಗಳು, ದುರ್ನಡತೆಯ ಆರೋಪಕ್ಕೆ 5 ವರ್ಷದ ಮಿತಿ. ದೂರಿನಲ್ಲಿ ‘ಭ್ರಷ್ಟರು’, ‘ಲೂಟಿಕೋರರು’ ಎಂಬ ಪದಗಳು ಬೇಡ. ಎಂ.ಬಿ. ಸಂಖ್ಯೆ, ಪುಟ, ಅದರಲ್ಲಿ ಬರೆದ ದಪ್ಪ, ಸ್ಥಳದಲ್ಲಿ ಸಿಕ್ಕ ದಪ್ಪ, ಸಹಿ ಮಾಡಿದವರ ಹುದ್ದೆ, ಇಷ್ಟನ್ನು ಒಂದೇ ಹಾಳೆಯ ಪಟ್ಟಿ ಮಾಡಿ. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಅದೇ ಕಾಯ್ದೆಯಲ್ಲಿ ಜೈಲು ಇದೆ ಎಂಬುದು ನೆನಪಿರಲಿ.

ಇಷ್ಟು ದೂರ ಹೋಗುವ ಮೊದಲು ಮನೆ ಬಾಗಿಲಲ್ಲೇ ಒಂದು ಅವಕಾಶವಿದೆ: ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಹೊರಗಿನ ಅಧಿಕಾರಿಯೊಬ್ಬರ ಎದುರು ಪಂಚಾಯಿತಿ ತನ್ನ ಹಿಂದಿನ ವರ್ಷದ ಲೆಕ್ಕ ಮತ್ತು ಕಾಮಗಾರಿಗಳನ್ನು ಜನರ ಮುಂದೆ ಇಡಬೇಕು, ಕಾಮಗಾರಿ ಸ್ಥಳಕ್ಕೂ ಹೋಗಬೇಕು. ಆ ಹೊತ್ತಿಗೆ ದಾವಣಗೆರೆ ಕಡೆ ಮೆಕ್ಕೆಜೋಳಕ್ಕೆ ಗೊಬ್ಬರ, ಚಳ್ಳಕೆರೆ ಕಡೆ ಶೇಂಗಾ ಕಳೆ. ಸಭೆಯಲ್ಲಿ ಸಿಬ್ಬಂದಿ ಮತ್ತು ಖಾಲಿ ಕುರ್ಚಿ. ಊರಿಗೆ ಹತ್ತು ಮಂದಿ ಅರ್ಧ ದಿನ ಬಿಡುವು ಮಾಡಿಕೊಂಡರೆ ಸಾಕು. ಒಂದು 30 ಮೀಟರ್ ಟೇಪು, ಎಂ.ಬಿ. ಪುಟಗಳ ನಕಲು, ಕಾಮಗಾರಿ ಪಟ್ಟಿ ಹಿಡಿದು ಹೋಗಿ. ಮೊದಲು ಸ್ಥಳಕ್ಕೆ ಕರೆದೊಯ್ಯಿರಿ, ಅಲ್ಲೇ ಅಳೆದು ಸಿಕ್ಕ ಅಂಕಿಯನ್ನು ಆ ಹೊರಗಿನ ಅಧಿಕಾರಿಯಿಂದ ಬರೆಸಿ. ಸಭೆಯಲ್ಲಿ ನಿಮ್ಮ ಆಕ್ಷೇಪಣೆಯನ್ನು ಬಾಯಲ್ಲಿ ಹೇಳಿ ಕೂರಬೇಡಿ, ಎರಡು ಪ್ರತಿಯಲ್ಲಿ ಬರೆದು ಕೊಟ್ಟು ಒಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿ. ನಡಾವಳಿ ಪುಸ್ತಕಕ್ಕೆ ಅದು ಅಕ್ಷರಶಃ ಇಳಿಯುವವರೆಗೆ ಎದ್ದು ಹೋಗಬೇಡಿ. ಮುಗಿದ ಮೇಲೆ ಕೊನೆಯ ಸಾಲಿಗೆ ಅಂಟಿದಂತೆ, ನಡುವೆ ಒಂದು ಸಾಲಿನಷ್ಟೂ ಜಾಗ ಬಿಡದೆ, ಬಂದವರೆಲ್ಲ ಹೆಸರು ಬರೆದು ಸಹಿ ಹಾಕಿ, ಆ ಪುಟದ ಫೋಟೊ ತೆಗೆದುಕೊಂಡು ಹೊರಡಿ.